ತರಬೇತಿಗೆ ಯಾರನ್ನು ಕಳಿಸಬೇಕು?

ವ್ಯಾಪಾರ ಕುಸಿದ ವರ್ಷ ಮ್ಯಾನೇಜರುಗಳ ತರಬೇತಿಗೆ ಕತ್ತರಿ ಬೀಳುವುದು ಸಾಮಾನ್ಯ. ಲೆಕ್ಕಪತ್ರದ ಕ್ರಮವೂ ಇದಕ್ಕೆ ಒತ್ತಾಸೆಯಾಗಿದೆ. ಯಂತ್ರ ಕೊಂಡರೆ ಅದು ಆಸ್ತಿ. ಬೆಲೆಯನ್ನು ಸವಕಳಿಯಾಗಿ ಹಲವು ವರ್ಷಗಳಿಗೆ ಹಂಚಬಹುದು. ತರಬೇತಿಗೆ ಕೊಟ್ಟ ಹಣವನ್ನು ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 38ರ ಪ್ರಕಾರ ಖರ್ಚೆಂದೇ ಬರೆಯಬೇಕು. ಭಾರವೆಲ್ಲ ಆ ವರ್ಷದ ಲಾಭದ ಮೇಲೆ. ಕಲಿತವರು ಕೆಲಸ ಬಿಟ್ಟು ಹೋದಾರೆಂಬ ಅಂಜಿಕೆ ಬೇರೆ.

ಇದಕ್ಕಿಂತ ದೊಡ್ಡ ತೊಡಕು, ನಿರ್ವಹಣೆಯಲ್ಲಿ ಕೊರತೆಯಿದೆಯೆಂದು ಮಾಲೀಕರಿಗೇ ಅನಿಸದಿರುವುದು. ಮುಂಬೈ ಕಡೆಯ ನೇಯ್ಗೆ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಇದು ಕಂಡಿತು. ನೂಲಿನ ದಾಸ್ತಾನಿನ ಲೆಕ್ಕ, ಬಟ್ಟೆಯ ದೋಷಗಳ ದಾಖಲೆ, ಮಗ್ಗ ಕೆಡುವ ಮುನ್ನವೇ ದುರಸ್ತಿ: ಅಲ್ಲಿ ಹೇಳಿಕೊಟ್ಟದ್ದು ಇಂಥ ಸಾದಾ ಕ್ರಮಗಳನ್ನು. ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಹೆಚ್ಚಿತು. ಒಂಬತ್ತು ವರ್ಷಗಳ ನಂತರ ಹೋಗಿ ನೋಡಿದರೆ ಆ ಕ್ರಮಗಳಲ್ಲಿ ಸುಮಾರು ಅರ್ಧ ಕೈಬಿಟ್ಟುಹೋಗಿದ್ದವು. ಮ್ಯಾನೇಜರುಗಳು ಬದಲಾಗಿದ್ದರು, ನಿರ್ದೇಶಕರಿಗೆ ಪುರುಸೊತ್ತಿರಲಿಲ್ಲ. ಒಮ್ಮೆ ಕಲಿಸಿ ಕೈತೊಳೆದುಕೊಂಡರೆ ಆಗುವುದು ಇಷ್ಟೇ. ಹೊಸಬರು ಬಂದಾಗಲೆಲ್ಲ ಕಲಿಕೆ ಮತ್ತೆ ಶುರುವಾಗಬೇಕು.

ಹಾಗಾದರೆ ಯಾರಿಗೆ ಕಲಿಸಬೇಕು? ಭಾರತದ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಚ್ಯುತ ಅಧ್ವರ್ಯು, ಅನಂತ್ ನ್ಯಾಶಾಧಂ ಮತ್ತಿತರರು ಈ ಪ್ರಶ್ನೆಯನ್ನೇ ಪರೀಕ್ಷಿಸಿದರು. ಹೊಲಿಗೆ ಲೈನುಗಳ ಸೂಪರ್‌ವೈಸರುಗಳಲ್ಲಿ ಯಾರನ್ನು ಕಳಿಸೋಣವೆಂದು ಅವರ ಮೇಲಿನ ಮ್ಯಾನೇಜರುಗಳನ್ನು ಕೇಳಲಾಯಿತು. ಅವರು ಬಲವಾಗಿ ಶಿಫಾರಸು ಮಾಡಿದವರಿಂದ ಉತ್ಪಾದಕತೆ ಹೆಚ್ಚಲಿಲ್ಲ. ಪಟ್ಟಿಯ ಕೆಳಗಿದ್ದವರು ತರಬೇತಿ ಪಡೆದಾಗ ಶೇ. 12ರಷ್ಟು ಹೆಚ್ಚಿತು. ಇದರಲ್ಲಿ ಪಕ್ಷಪಾತವಿರಲಿಲ್ಲ. ಸೂಪರ್‌ವೈಸರ್ ಬಿಟ್ಟುಹೋದರೆ ಹೊಸಬರನ್ನು ಹುಡುಕಿ ತಿದ್ದಿ ತೀಡುವ ಪಾಡು ಮ್ಯಾನೇಜರಿನದೇ ಆದ್ದರಿಂದ, ಉಳಿಸಿಕೊಳ್ಳಬೇಕಾದವರ ಹೆಸರನ್ನೇ ಅವರು ಮುಂದೆ ಮಾಡಿದ್ದರು. ಆ ಲೆಕ್ಕವೂ ಸುಳ್ಳಾಗಲಿಲ್ಲ: ತರಬೇತಿ ಪಡೆದವರು ಕೆಲಸ ಬಿಡುವುದು ಶೇ. 15ರಷ್ಟು ಕಡಿಮೆಯಾಯಿತು. ಕಲಿಸಿದರೆ ಬಿಟ್ಟುಹೋಗುತ್ತಾರೆಂಬ ಅಂಜಿಕೆಗೆ ಇಲ್ಲಿ ಆಧಾರ ಸಿಗಲಿಲ್ಲ.

ನನಗೆ ಈ ಅಧ್ಯಯನ ಬಹಳ ಮುಖ್ಯವೆನಿಸುತ್ತದೆ. ಹೆಸರು ಬರೆಯುವ ಮ್ಯಾನೇಜರಿನ ಹಿತ ಒಂದು, ಹಣ ಹಾಕುವ ಕಂಪನಿಯ ಹಿತ ಇನ್ನೊಂದು. ಇವೆರಡನ್ನೂ ಬಲ್ಲವರು ಕೂತು ಆಯ್ಕೆ ಮಾಡಬೇಕು. ತರಬೇತಿ ಮುಗಿದ ಸಂಜೆ ‘ಚೆನ್ನಾಗಿತ್ತು’ ಎಂದು ತುಂಬಿಸಿಕೊಳ್ಳುವ ಫಾರಂ ಸಾಲದು. ಆರು ತಿಂಗಳಾದ ಮೇಲೆ ಆ ಲೈನಿನಲ್ಲಿ ಏನು ಬದಲಾಗಿದೆಯೆಂದು ಅಲ್ಲಿಯೇ ನಿಂತು ನೋಡಬೇಕು. ಇಷ್ಟು ಮಾಡದೆ ತರಬೇತಿಯಿಂದ ಲಾಭವಿಲ್ಲವೆಂದು ಬಜೆಟ್ ಸಭೆಯಲ್ಲಿ ತೀರ್ಮಾನಿಸುವ ಹಕ್ಕು ಯಾವ ಆಡಳಿತ ಮಂಡಳಿಗೂ ಇಲ್ಲ.