ಊರಿನ ಸರ್ಟಿಫಿಕೇಟು

ಕಳೆದ ತಿಂಗಳ ಸಂಘದ ಕೂಟದಲ್ಲಿ ಉಪ್ಪಿಟ್ಟು ಕಾಫಿ ಮುಗಿದು ಜಮಖಾನೆ ಮಡಿಸುವ ಹೊತ್ತಿಗೆ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಕಲಬುರ್ಗಿಯ ಕಡೆಯವರು, ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಯಿತು. ಚಾಳಿನ ನಲ್ಲಿಯ ಬಳಿ ನೆರೆಯವನೊಬ್ಬ ಹತ್ತು ಜನರೆದುರು ಅವರ ಮನೆಯಾಕೆಯನ್ನು ಜಾತಿಯೆತ್ತಿ ಬೈದನಂತೆ. ಠಾಣೆಗೆ ಹೋದರೆ, "ನಿಮ್ಮ ಸರ್ಟಿಫಿಕೇಟು ಕರ್ನಾಟಕದ್ದು, ಇಲ್ಲಿ ನಡೆಯದು" ಎಂದು ಕಳಿಸಿಬಿಟ್ಟರಂತೆ.

"ಗಡಿ ದಾಟಿದರೆ ನನ್ನ ಜಾತಿ ಹೋಯಿತೇ ಸ್ವಾಮಿ? ಹಾಗಾದರೆ ಬೈದವನಿಗೆ ಅದು ಹೇಗೆ ಕಂಡಿತು?" ಎಂದರು.

ಠಾಣೆಯವರು ಆ ಮಾತನ್ನು ಗಾಳಿಯಿಂದ ಹಿಡಿದದ್ದಲ್ಲ. ಸಂವಿಧಾನದ 341ನೆಯ ವಿಧಿಯಂತೆ ಪರಿಶಿಷ್ಟ ಜಾತಿಗಳ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ವಲಸೆ ಹೋದವರು ಹೋದ ರಾಜ್ಯದಲ್ಲಿ ಮೀಸಲಾತಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. 1994ರಲ್ಲಿ ಮಹಾರಾಷ್ಟ್ರದ್ದೇ ಮೊಕದ್ದಮೆಯೊಂದರಲ್ಲಿ ಅದನ್ನು ಎತ್ತಿಹಿಡಿಯಿತು. ಸೀಟಿಗೆ, ನೌಕರಿಗೆ ಸಲ್ಲದ ಸರ್ಟಿಫಿಕೇಟು 1989ರ ದೌರ್ಜನ್ಯ ತಡೆ ಕಾಯಿದೆಗೂ ಸಲ್ಲದೆಂದು ಆರೋಪಿಗಳ ವಕೀಲರು ಇದನ್ನೇ ಗುರಾಣಿ ಮಾಡಿಕೊಂಡರು.

ಆ ಗುರಾಣಿಯನ್ನು 2023ರ ಸೆಪ್ಟೆಂಬರ್ 1ರಂದು ಮುಂಬಯಿ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೂರ್ಣಪೀಠ ಕಸಿದುಕೊಂಡಿತು. ತಮ್ಮ ರಾಜ್ಯದಲ್ಲಿ ಪರಿಶಿಷ್ಟರಾದವರಿಗೆ, ಅಪರಾಧ ನಡೆದ ರಾಜ್ಯದ ಪಟ್ಟಿಯಲ್ಲಿ ಅವರ ಜಾತಿ ಇಲ್ಲದಿದ್ದರೂ, ಈ ಕಾಯಿದೆಯ ರಕ್ಷಣೆ ದೇಶದ ಯಾವ ಮೂಲೆಯಲ್ಲೂ ಉಂಟು. ಮೀಸಲಾತಿ ಬೇರೆ, ಮಾನಪ್ರಾಣ ಬೇರೆ. ಚೆನ್ನೈ, ಹೈದರಾಬಾದುಗಳ ನ್ಯಾಯಾಲಯಗಳನ್ನು ಈ ತೀರ್ಪು ಕಟ್ಟಿಹಾಕದು, ನಿಜ. ಆದರೆ ಅಲ್ಲಿನ ನಮ್ಮ ಬಂಧುಗಳ ವಕೀಲರು ಅದನ್ನು ಧಾರಾಳವಾಗಿ ಮುಂದಿಡಬಹುದು.

ನಮ್ಮ ಸದಸ್ಯರಿಗೆ ಇಷ್ಟು ಹೇಳಿದೆ. ಠಾಣೆಯವರು ದೂರು ಬರೆದುಕೊಳ್ಳದಿದ್ದರೆ ಅದನ್ನೇ ಕಾಗದದಲ್ಲಿಟ್ಟು ಪೊಲೀಸು ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ. 14566 ಎಂಬ ಸರಕಾರಿ ಸಹಾಯವಾಣಿಯೂ ಇದೆ. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಬೈದದ್ದು ಈ ಕಲಮಿಗೆ ಸಿಕ್ಕದು, ಆದರೆ ನಲ್ಲಿಯ ಬಳಿ ಎಲ್ಲರೂ ಕೇಳುವಂತೆ ಬೈದದ್ದು ಬೇರೆ ಮಾತು. ಕೇಳಿದವರು ಬಂದು ಹೇಳಬೇಕು, ಅಷ್ಟೆ. ಅವರ ಪ್ರಯಾಣದ ಖರ್ಚನ್ನೂ ಕಾಯಿದೆಯ 15ಎ ಕಲಮು ಸರಕಾರದ ಮೇಲೆ ಹೊರಿಸಿದೆ.

"ಖರ್ಚಿನ ಮಾತಲ್ಲ" ಎಂದರು ಅವರು. "ಯಾರೂ ಬರುವುದಿಲ್ಲ."

ಆ ಹತ್ತು ಜನರಲ್ಲಿ ಮೂವರು ಕನ್ನಡದವರಂತೆ. ಒಬ್ಬರ ಹೆಸರು ಕೇಳಿ ನನಗೆ ಮಾತೇ ಹೊರಡಲಿಲ್ಲ. ಅವರು ಈ ಪತ್ರಿಕೆಯ ಹಳೆಯ ಚಂದಾದಾರರು. ಕೈಗೆ ಬಂದೊಡನೆ ಮೊದಲು ಈ ಪುಟವನ್ನೇ ತೆಗೆಯುತ್ತಾರೆಂದೂ ಬಲ್ಲೆ.