ಮಗುವಿನ ಮಾತು ಕೇಳಿ, ತೀರ್ಪಿನ ಹೊರೆ ಹೊರಿಸಬೇಡಿ

ಗಂಡ ಹೆಂಡಿರು ಬೇರೆಯಾದರೆ ಪಾತ್ರೆ ಪಡಗವನ್ನು ಹಂಚಿಕೊಳ್ಳಬಹುದು; ಮಗುವನ್ನು ಹಂಚಿಕೊಳ್ಳಲಾಗದು. ನಮ್ಮ ಕಾರ್ಮಿಕ ಬಂಧುಗಳ ಸಂಸಾರದಲ್ಲಿ ಈ ತೊಡಕಿಗೆ ದೂರದ ತೊಡಕೂ ಸೇರುತ್ತದೆ. ತಂದೆ ಮುಂಬಯಿಯಲ್ಲಿ ದುಡಿಯುತ್ತಾನೆ. ತಾಯಿಯೂ ಮಗುವೂ ಕುಂದಾಪುರದ ಕಡೆಯ ಹಳ್ಳಿಯಲ್ಲಿರುತ್ತಾರೆ. ಮನಸ್ಸು ಮುರಿದ ಮೇಲೆ ಹಿರಿಯರು ಕೂಡಿ, ಹತ್ತು ಜನರೆದುರು ಮಗುವನ್ನು ನಿಲ್ಲಿಸಿ, "ಅಪ್ಪ ಬೇಕೋ, ಅಮ್ಮ ಬೇಕೋ?" ಎಂದು ಕೇಳುತ್ತಾರೆ. ಇದು ನ್ಯಾಯವಲ್ಲ, ಹಿಂಸೆ.

ಹಾಗಾದರೆ ಮಗುವಿನ ಇಷ್ಟಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ವಿವೇಚನೆಯಿಂದ ಇಷ್ಟವನ್ನು ಹೇಳಬಲ್ಲಷ್ಟು ಮಗು ಬೆಳೆದಿದ್ದರೆ ಕೋರ್ಟು ಅದನ್ನು ಗಮನಿಸಬಹುದೆಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಇಂತಿಷ್ಟೇ ವಯಸ್ಸೆಂದು ಅದು ಗೊತ್ತುಮಾಡಿಲ್ಲ. ಮಗು ಹೇಳಿದಂತೆಯೇ ನಡೆಯಬೇಕೆಂದೂ ಇಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯಿದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಎಲ್ಲಕ್ಕಿಂತ ಮಿಗಿಲಾದದ್ದು ಮಗುವಿನ ಹಿತ.

ಇಷ್ಟಕ್ಕೂ ಹಿತಕ್ಕೂ ಇರುವ ಅಂತರವನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಮೇ ತಿಂಗಳ ರಜೆಯಲ್ಲಿ ಬಂದ ಮಗು ಚೌಪಾಟಿಯನ್ನೂ ರಾಣಿಬಾಗನ್ನೂ ಕಾಣುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವ, ಹೋಟೆಲಿನ ಅಟ್ಟದ ಮೇಲೆ ಮಲಗುವ ಅಪ್ಪನನ್ನು ಅದು ಕಾಣದು. "ನಾನು ಮುಂಬಯಿಯಲ್ಲೇ ಇರುತ್ತೇನೆ" ಎಂಬುದು ಆ ರಜೆಯ ಮಾತು. ಆದರೆ ಹದಿಮೂರರ ಹುಡುಗಿ, "ಮನೆಯಲ್ಲಿ ಹೊಡೆಯುತ್ತಾರೆ, ಶಾಲೆ ಬಿಡಿಸಿದ್ದಾರೆ" ಎಂದರೆ ಅದನ್ನು ಮಕ್ಕಳ ಮಾತೆಂದು ತಳ್ಳುವುದು ಪಾಪ. ಆದ್ದರಿಂದ ಮಗು ಯಾರ ಹೆಸರು ಹೇಳಿತೆಂಬುದಕ್ಕಿಂತ ಏಕೆ ಹೇಳಿತೆಂಬುದು ಮುಖ್ಯ. ಅದನ್ನು ಏಕಾಂತದಲ್ಲಿ, ಎರಡು ಪಕ್ಷದವರೂ ಇಲ್ಲದಾಗ, ಮೆಲ್ಲಗೆ ಕೇಳಬೇಕು. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸುವುದೂ ಇದಕ್ಕಾಗಿಯೇ.

ಒಮ್ಮೆ ಆದ ಆಜ್ಞೆ ಶಾಶ್ವತವೆಂದು ಕೆಲವರು ಹತಾಶರಾಗುತ್ತಾರೆ. ಅದು ಹಾಗಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಇಂಥ ಆಜ್ಞೆಯನ್ನೂ ಬದಲಿಸಬಹುದೆಂದು ಸುಪ್ರೀಂ ಕೋರ್ಟು 1973ರ ರೋಸಿ ಜೇಕಬ್ ಮೊಕದ್ದಮೆಯಲ್ಲಿ ಹೇಳಿದೆ. ಮಕ್ಕಳು ತಂದೆತಾಯಿಯರ ಸೊತ್ತಲ್ಲವೆಂದೂ ಹೇಳಿದೆ. ಆದರೆ ಬದಲಾವಣೆಗೆ ಅರ್ಜಿಯೇ ದಾರಿ, ರಾತ್ರಿಯ ಬಸ್ಸಲ್ಲ. ಪಾಲನೆಯ ಅರ್ಜಿಯನ್ನು ಮಗು ವಾಡಿಕೆಯಾಗಿ ವಾಸಿಸುವ ಊರಿನ ಅಧಿಕಾರವುಳ್ಳ ಕೋರ್ಟಿನಲ್ಲಿ ಸಲ್ಲಿಸಬೇಕು. ತರಾತುರಿಯಲ್ಲಿ ಮುಂಬಯಿಗೆ ಕರೆತಂದ ಮಾತ್ರಕ್ಕೆ ಮುಂಬಯಿಯೇ ಅದರ ಊರಾಗದು. ಕನ್ನಡ ಶಾಲೆಯ ಮಗುವನ್ನು ವರ್ಷದ ನಡುವೆ ಕಿತ್ತು ಮರಾಠಿ ತರಗತಿಯಲ್ಲಿ ಕೂರಿಸಿದರೆ ಕಳೆಯುವುದು ಅದರ ವಿದ್ಯೆ.

ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರು, ಮಕ್ಕಳು, ಕೈಗಾರಿಕಾ ಕಾರ್ಮಿಕರು ಉಚಿತ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿರಿ.

ಬಂಧುಗಳೇ, ಸಂಬಳದ ಮಾತಿನಲ್ಲಿ ನಮ್ಮನ್ನು ಕೇಳದೆ ತೀರ್ಮಾನಿಸಬಾರದೆಂದು ನಾವು ಹೋರಾಡುತ್ತೇವೆ. ನಮ್ಮ ಮನೆಯ ಅತಿ ಚಿಕ್ಕವರಿಗೂ ಅದೇ ನ್ಯಾಯ ಸಲ್ಲಲಿ. ಅವರ ಮಾತನ್ನು ಕೇಳೋಣ. ತೀರ್ಮಾನದ ಭಾರವನ್ನು ಮಾತ್ರ ದೊಡ್ಡವರಾದ ನಾವೇ ಹೊರೋಣ.