ಪೈಪು ಕೊಟ್ಟಿರಿ, ಗಂಜಿ ಯಾರು ಕೊಡಬೇಕು?

ನಮ್ಮ ಮಾವನವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನ ಡಿಸ್ಚಾರ್ಜ್ ಚೀಟಿಯ ಕೊನೆಗೆ ಒಂದು ಸಾಲಿತ್ತು: ಆರ್‌ಟಿ ಫೀಡ್, 200 ಎಂಎಲ್, ಎರಡು ಗಂಟೆಗೊಮ್ಮೆ. ಆರ್‌ಟಿ ಅಂದರೆ ರೈಲ್ಸ್ ಟ್ಯೂಬ್, ಮೂಗಿನಿಂದ ಹೊಟ್ಟೆಗೆ ಇಳಿಸುವ ಪೈಪು. ಇನ್ನೂರು ಎಂಎಲ್ ಏನು? ಹಾಲೋ, ಗಂಜಿಯೋ, ಬೇಳೆಕಟ್ಟೋ? ಬರೆದಿರಲಿಲ್ಲ. ಕೇಳಿದ್ದಕ್ಕೆ, ‘ತೆಳ್ಳಗಿರೋದು ಏನಾದ್ರೂ ಕೊಡಿ, ಪೈಪು ಕಟ್ಟಬಾರದು ಅಷ್ಟೆ’ ಅಂದರು.

ನಮ್ಮದು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಪಕ್ಕದ ಲೈನ್ ಮನೆ. ಅತ್ತೆ ರಾಗಿಹಿಟ್ಟು ಕಾಯಿಸಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ದೊಡ್ಡ ಸಿರಿಂಜಿಗೆ ಸುರಿಯುತ್ತಿದ್ದರು. ರಾಗಿ ಗಂಜಿ ಆರಿದಷ್ಟೂ ಗಟ್ಟಿಯಾಗುತ್ತದೆ, ಸಿರಿಂಜಿನ ಕತ್ತಿನಲ್ಲೇ ನಿಂತುಬಿಡುತ್ತದೆ. ಜೋರಾಗಿ ತಳ್ಳಬಾರದು ಎಂದು ಯಾರೋ ಹೆದರಿಸಿದ್ದರು. ಹಾಗಾಗಿ ಇನ್ನೊಂದು ಲೋಟ ನೀರು. ದಿನದಿನಕ್ಕೆ ಗಂಜಿಯಲ್ಲಿ ನೀರು ಏರಿತು, ಮಾವ ಇಳಿದರು. ಎರಡು ತಿಂಗಳಲ್ಲಿ ಅವರ ವಾಚು ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ನಿಲ್ಲುತ್ತಿತ್ತು. ಪಾರ್ಶ್ವವಾಯು ಹೊಡೆದವರು ಹೀಗೇ ಸೊರಗುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಸೊರಗಿಸುತ್ತಿದ್ದುದು ನಮ್ಮ ಗಂಜಿ.

ಲೆಕ್ಕ ಮಾಡಿ ನೋಡಿ. ಐವತ್ತು ಕಿಲೋ ತೂಕದ ಹಾಸಿಗೆ ಹಿಡಿದ ರೋಗಿಗೆ ದಿನಕ್ಕೆ ಸುಮಾರು 1,250ರಿಂದ 1,500 ಕ್ಯಾಲರಿ, 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ರಾಗಿ, ಅರ್ಧ ಲೀಟರ್ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿದರೂ ಸಿಗುವುದು ಏಳುನೂರು ಚಿಲ್ಲರೆ ಕ್ಯಾಲರಿ, ಇಪ್ಪತ್ಮೂರು ಗ್ರಾಂ ಪ್ರೋಟೀನ್. ಅರ್ಧ ಹೊಟ್ಟೆ. ಅದೂ ಅರ್ಧ ಲೀಟರ್ ಹಾಲು ದಿನಾ ಕೊಳ್ಳುವ ಮನೆಯಲ್ಲಿ.

ಹಾಗಾದರೆ ಡಬ್ಬಿ ತನ್ನಿ ಎನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಆ ಪುಡಿ ಗ್ರಾಮಿಗೆ ನಾಲ್ಕೂವರೆ ಕ್ಯಾಲರಿಯ ಆಸುಪಾಸು. ಪೂರ್ತಿ ಅದರ ಮೇಲೇ ಸಾಕುವುದಾದರೆ 400 ಗ್ರಾಮಿನ ಡಬ್ಬಿ ತಿಂಗಳಿಗೆ ಇಪ್ಪತ್ತೈದು ಬೇಕು. ಡಬ್ಬಿಗೆ ಐನೂರು ರೂಪಾಯಿ ಎಂದೇ ಹಿಡಿಯಿರಿ, ಹನ್ನೆರಡೂವರೆ ಸಾವಿರವಾಯಿತು. ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರ ಮನೆಯಲ್ಲಿ ಈ ಲೆಕ್ಕ ಎರಡನೇ ಡಬ್ಬಿಗೇ ಮುಗಿಯುತ್ತದೆ. ಈ ಪುಡಿ ಕಾನೂನಿನ ಪ್ರಕಾರ ಔಷಧವಲ್ಲ. 2016ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಅದು ‘ವಿಶೇಷ ವೈದ್ಯಕೀಯ ಉದ್ದೇಶದ ಆಹಾರ’. ವೈದ್ಯರ ಸಲಹೆ ಮೇರೆಗೇ ಬಳಸಬೇಕು ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ಆದರೆ ಔಷಧಿಗಳ ಬೆಲೆ ನಿಯಂತ್ರಣ ಅದಕ್ಕೆ ತಾಗುವುದಿಲ್ಲ.

ನನ್ನ ತಕರಾರು ಇಲ್ಲೇ ಶುರು. ಈ ದೇಶದಲ್ಲಿ ಪೈಪಿನ ಊಟದ ಬಗ್ಗೆ ದೊಡ್ಡ ದನಿಯ ಚರ್ಚೆ ನಡೆದಿರುವುದು ಅದನ್ನು ನಿಲ್ಲಿಸಬಹುದೇ ಎಂಬುದರ ಮೇಲೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗ ಮೇಲೆ 1973ರಲ್ಲಿ ದಾಳಿಯಾಗಿ ಆಕೆ ಹಾಸಿಗೆ ಹಿಡಿದರು. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೊಡಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ಅದೇ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ಬಾಗಿಲು ತೆರೆಯಿತು. 2018ರ ತೀರ್ಪು, 2023ರ ತಿದ್ದುಪಡಿ ಬಂದವು. 2025ರ ಜನವರಿ 30ರಂದು ಘನತೆಯ ಸಾವಿನ ಹಕ್ಕನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಪ್ರಾಥಮಿಕ ಮಂಡಳಿ, ದ್ವಿತೀಯ ಮಂಡಳಿ, ಎಲ್ಲ ಅಚ್ಚುಕಟ್ಟು. ನಾನು ಆ ಸುತ್ತೋಲೆಯ ವಿರೋಧಿಯಲ್ಲ, ಅದು ಬೇಕಿತ್ತು. ಆದರೆ ಬದುಕಿಸಿಕೊಳ್ಳಲು ಹೊರಟವರಿಗೆ ಸುತ್ತೋಲೆ ಎಲ್ಲಿದೆ? ನಿಲ್ಲಿಸುವ ಮಾತು ಬಂದಾಗ ಪೈಪಿನ ಊಟ ವೈದ್ಯರ ಮಂಡಳಿ ಕೂತು ತೀರ್ಮಾನಿಸುವ ಚಿಕಿತ್ಸೆ. ಕೊಡುವ ಮಾತು ಬಂದಾಗ ಅದು ಅತ್ತೆಯ ಅಡುಗೆಮನೆ. ಅಂದಹಾಗೆ, ಅರುಣಾ ನಲವತ್ತೊಂದು ವರ್ಷ ಉಳಿದದ್ದು ಕೆಇಎಂ ಆಸ್ಪತ್ರೆಯ ನರ್ಸುಗಳು ಪಾಳಿಯ ಮೇಲೆ ನುಣ್ಣಗೆ ಹಿಸುಕಿದ ಊಟ ಉಣಿಸಿದ್ದರಿಂದ. ಕೋರ್ಟಿನ ವಾದಗಳ ನಡುವೆ ಆ ತಟ್ಟೆ ಮರೆತೇಹೋಗುತ್ತದೆ.

ಊಟವೂ ಚಿಕಿತ್ಸೆ ಎನ್ನುವುದನ್ನು ಸರ್ಕಾರ ಒಪ್ಪಿಕೊಂಡಿಲ್ಲ ಎನ್ನುವಂತಿಲ್ಲ. ಕ್ಷಯರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಬರುತ್ತಿದೆ. ಮಂಗಳೂರಿನ ಯೆನೆಪೋಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ತಂಡ ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳಿಗೆ ತಿಂಗಳಿಗೆ ಹತ್ತು ಕಿಲೋ ಆಹಾರದ ಚೀಲ ಕೊಟ್ಟು ನೋಡಿತು. ಮೊದಲೆರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆ ಚೀಲದಲ್ಲಿ ಇದ್ದದ್ದೇನು? ಅಕ್ಕಿ, ಹಾಲಿನ ಪುಡಿ, ಹುರಿಗಡಲೆ ಹಿಟ್ಟು, ಎಣ್ಣೆ. ದಿನಕ್ಕೆ 1,200 ಕ್ಯಾಲರಿ, 52 ಗ್ರಾಂ ಪ್ರೋಟೀನ್. ನಮ್ಮ ಮಾವನಿಗೆ ಬೇಕಿದ್ದುದರ ಹತ್ತಿರಹತ್ತಿರದ ಅಳತೆ! ಅಕ್ಕಿಯನ್ನೂ ನುಣ್ಣಗೆ ಹಿಟ್ಟು ಮಾಡಿದರೆ ಎಲ್ಲವೂ ಪೈಪಿನಲ್ಲಿ ಇಳಿಯುತ್ತದೆ.

‘ಮನೆ ಊಟವೇ ಸಾಕು, ಡಬ್ಬಿ ಕಂಪನಿಗಳ ಮೋಸ’ ಎಂದು ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಇಪ್ಪತ್ತೈದು ಡಬ್ಬಿ ಸರ್ಕಾರ ಕೊಡಲಿ ಎಂದು ನಾನೂ ಕೇಳುತ್ತಿಲ್ಲ. ಆದರೆ ಮನೆ ಊಟ ಸಾಕಾಗಬೇಕಾದರೆ ಅದಕ್ಕೊಂದು ಅಳತೆ ಬೇಕು, ಹೇಳಿಕೊಡುವವರು ಬೇಕು, ಸಾಮಾನು ಬೇಕು. ಅತ್ತೆಗೇ ಗೊತ್ತಿದ್ದ ವಿದ್ಯೆಯೊಂದಿತ್ತು, ಯಾರೂ ನೆನಪಿಸಲಿಲ್ಲ. ಮಗುವಿನ ರಾಗಿ ಸರಿಗೆ ಮಾಡುವಂತೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ, ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆದುಹಾಕುತ್ತದೆ. ಗಟ್ಟಿ ಗಂಜಿ ಬೆಚ್ಚಗಿರುವಾಗ ಆ ಹಿಟ್ಟಿನದ್ದೊಂದು ಚಮಚ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುದಿಸಿದರೆ ಗಂಜಿ ಮಜ್ಜಿಗೆಯಂತೆ ಹರಿಯುತ್ತದೆ. ಒಂದು ಹನಿ ನೀರು ಹೆಚ್ಚಿಸಬೇಕಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಮೊಳಕೆ ರಾಗಿಯ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದೆ. ಶಾಲೆ ಮಕ್ಕಳಿಗೆ 2024ರಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಸಿಗುತ್ತಿದೆ, ಅದೂ ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯ ಟ್ರಸ್ಟಿನ ಕೈಜೋಡಣೆಯಲ್ಲಿ. ನಮ್ಮ ಗಣಿಗೆ ಆ ಬೆಟ್ಟದ ಹೆಸರು ಬಂತು, ಮಾಲ್ಟ್ ಮಾತ್ರ ಇಲ್ಲಿನ ಮುದುಕರ ತನಕ ಬರಲಿಲ್ಲ.

ಇನ್ನೊಂದು ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ. ಮರೆವಿನ ಕಾಯಿಲೆ ಕೊನೇ ಹಂತಕ್ಕೆ ಬಂದವರಿಗೆ ಪೈಪು ಹಾಕಿದರೆ ಆಯಸ್ಸೂ ಹೆಚ್ಚದು, ಸುಖವೂ ಸಿಗದು ಎಂದು ವೈದ್ಯ ಸಂಘಗಳೇ ಹೇಳುತ್ತವೆ. ಅಂಥಲ್ಲಿ ಕೈಯಿಂದ ಎರಡು ಚಮಚ ಉಣಿಸುವುದೇ ಮೇಲು. ಸರಿ. ಆದರೆ ಪಾರ್ಶ್ವವಾಯುವಿನಿಂದ ನುಂಗಲಾರದವರಲ್ಲಿ ಎಷ್ಟೋ ಜನ ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ನುಂಗುತ್ತಾರೆ. ಕಡ್ಡಿಪುಡಿ ದವಡೆಯಲ್ಲಿಟ್ಟು ಬಾಯಿ ಕ್ಯಾನ್ಸರ್ ತಂದುಕೊಂಡ ಹೆಂಗಸಿಗೆ ರೇಡಿಯೇಷನ್ ಮುಗಿಸುವಷ್ಟು ತ್ರಾಣ ಬರಬೇಕಾದರೆ ಪೈಪಿನಲ್ಲಿ ನೀರಲ್ಲ, ಊಟ ಹೋಗಬೇಕು.

ದುಡ್ಡಿಲ್ಲ ಎನ್ನುವ ಮಾತಿಗೆ ಪಕ್ಕದ ಕಾಸರಗೋಡು ತೋರಿಸುತ್ತೇನೆ. ಕೇರಳ 2008ರಲ್ಲೇ ಉಪಶಮನ ಆರೈಕೆಗೆ ನೀತಿ ಮಾಡಿತು. ಪಂಚಾಯ್ತಿಯ ನರ್ಸು ಮನೆಗೇ ಬಂದು ಪೈಪು ಬದಲಿಸಿ ಹೋಗುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇಟ್ಟಿದ್ದಾರೆ. ಅಮೆರಿಕದ ಮೆಡಿಕೇರ್ ಅಂತೂ ಪೈಪಿನ ಆಹಾರವನ್ನು ಕೃತಕ ಕಾಲಿನ ಸಾಲಿಗೆ ಸೇರಿಸಿದೆ: ಕೆಲಸ ನಿಲ್ಲಿಸಿದ ಅಂಗದ ಬದಲಿ ಅದು ಎಂಬ ನ್ಯಾಯ.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆಯ ಗೇಟಿನವರೆಗೆ ಜೊತೆಗಿರುತ್ತದೆ. ಗೇಟು ದಾಟಿದ ಮೇಲೆ ರೇಷನ್ ಕಾರ್ಡು. ಅದರಲ್ಲಿ ಸಿಗುವ ಅಕ್ಕಿ ಅಗಿದು ನುಂಗುವವರಿಗೆ.

ಎಣಿಸಿಕೊಳ್ಳುವುದು ನಮ್ಮ ಊರಿಗೆ ಹೊಸದೇನಲ್ಲ. 1940ರ ದಶಕದಲ್ಲಿ ಇಲ್ಲಿನ 7,653 ಗಣಿ ಕಾರ್ಮಿಕರ ಶ್ವಾಸಕೋಶ ಪರೀಕ್ಷಿಸಿ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇದೆ ಎಂದು ಬರೆದುಕೊಂಡರು. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಮೆದುಳಿನ ಆರೋಗ್ಯದ ಯೋಜನೆ ಪ್ರಯೋಗಕ್ಕಿಟ್ಟಾಗಲೂ ಕೋಲಾರವನ್ನು ಆರಿಸಿದರು. 2024ರಲ್ಲಿ ಮನೆಬಾಗಿಲಿಗೆ ಬರುವ ಗೃಹ ಆರೋಗ್ಯ ಯೋಜನೆ ಮೊದಲು ಶುರುವಾದದ್ದೂ ಇದೇ ಜಿಲ್ಲೆಯಲ್ಲಿ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುತ್ತಾರೆ, ಬಾಯಿ ತೆಗೆಸಿ ಕ್ಯಾನ್ಸರ್ ಗುರುತು ಹುಡುಕುತ್ತಾರೆ. ಒಳ್ಳೆಯ ಕೆಲಸ. ಅದೇ ಫಾರಮಿನಲ್ಲಿ ಇನ್ನೊಂದು ಸಾಲು ಸೇರಿಸಿ: ಈ ಮನೆಯಲ್ಲಿ ಪೈಪಿನಲ್ಲಿ ಉಣ್ಣುವವರು ಇದ್ದಾರೆಯೇ? ಇದ್ದರೆ ತೂಕ ಎಷ್ಟು? ಅದರ ಬೆನ್ನಿಗೆ ತಿಂಗಳಿಗೊಂದು ಆಹಾರದ ಚೀಲ, ಎರಡು ಸಿರಿಂಜು, ಪೈಪು ಬದಲಿಸಲು ಬರುವ ನರ್ಸಿನ ಫೋನ್ ನಂಬರು.

ಮಾವನ ಪೈಪು ಒಂದು ರಾತ್ರಿ ಕೆಮ್ಮಿಗೆ ಹೊರಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ‘ಇಲ್ಲಿ ಹಾಕಲ್ಲ, ಕೋಲಾರಕ್ಕೆ ಹೋಗಿ’ ಅಂದರು. ಮೂವತ್ತು ಕಿಲೋಮೀಟರ್. ಆಟೊದಲ್ಲಿ ಅವರನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಿದ್ದೆ, ಮಗುವಿನಷ್ಟೂ ಭಾರ ಇರಲಿಲ್ಲ. ಅತ್ತೆ ಪಕ್ಕದಲ್ಲಿ ಗಂಜಿಯ ಫ್ಲಾಸ್ಕು ಹಿಡಿದಿದ್ದರು, ಪೈಪು ಹಾಕಿದ ಕೂಡಲೇ ಕೊಡಲಿಕ್ಕೆ.